ಜೀವ ವಿಮೆಯ ರೈಡರ್: ಯಾವುದು ಬೇಕು, ಯಾವುದು ಬೇಡ? ಮೈಸೂರು–ಮಂಡ್ಯದ ಮನೆಗಳಿಗೊಂದು ಹೋಲಿಕೆ

ಪಾಲಿಸಿ ಫಾರ್ಮಿಗೆ ಸಹಿ ಬೀಳುವ ಹೊತ್ತಿಗೆ ಏಜೆಂಟರು ಒಂದು ಮಾತು ಹೇಳುತ್ತಾರೆ: "ಅಣ್ಣಾ, ಆಕ್ಸಿಡೆಂಟ್ ರೈಡರೂ ಹಾಕ್ಬಿಡ್ಲಾ? ದಿನಕ್ಕೆ ಮೂರು ರೂಪಾಯಿನೂ ಬೀಳಲ್ಲ." ಲೆಕ್ಕ ಸರಿಯಾಗಿಯೇ ಇದೆ. ಸಾವಿರ ರೂಪಾಯಿ ವಿಮೆಗೆ ವರ್ಷಕ್ಕೆ 1 ರೂಪಾಯಿಯಂತೆ, 10 ಲಕ್ಷದ ಅಪಘಾತ ರೈಡರಿಗೆ ವರ್ಷಕ್ಕೆ ಸಾವಿರ ರೂಪಾಯಿ. ಆದರೆ ಆ ಸಾವಿರಕ್ಕೆ ದುಡ್ಡು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದು ಆ ಮಾತಿನೊಳಗೆ ಇಲ್ಲ. ಅದಿರುವುದು ಬಾಂಡಿನ (ಪಾಲಿಸಿ ಪತ್ರದ) ಹಿಂದಿನ ಪುಟಗಳಲ್ಲಿ. ಹೆಚ್ಚಿನ ಮನೆಗಳಲ್ಲಿ ಆ ಪುಟಗಳನ್ನು ಮೊದಲ ಸಲ ಓದುವುದು ಕ್ಲೇಮ್ ಹಾಕುವ ದಿನ.

ರೈಡರ್ ಎಂದರೆ ಮೂಲ ಪಾಲಿಸಿಯ ಜೊತೆಗೆ ಸೇರಿಸುವ ಇನ್ನೊಂದು ಕರಾರು. ಅದಕ್ಕೆ ಬೇರೆ ಪ್ರೀಮಿಯಂ, ಬೇರೆ ಷರತ್ತು, ಬೇರೆ ಮುಕ್ತಾಯದ ದಿನ. ತನ್ನಷ್ಟಕ್ಕೆ ತಾನು ನಿಲ್ಲುವ ಶಕ್ತಿ ಮಾತ್ರ ಅದಕ್ಕಿಲ್ಲ. ಕಂತು ಕಟ್ಟದೆ ಮೂಲ ಪಾಲಿಸಿ ಲ್ಯಾಪ್ಸ್ ಆದರೆ (ನಿಂತುಹೋದರೆ) ರೈಡರೂ ಅಂದೇ ಸತ್ತಂತೆ. ಹತ್ತು ವರ್ಷ ಕಂತು ಕಟ್ಟಿ ಬಿಟ್ಟರೆ ಮೂಲ ಪಾಲಿಸಿಗೆ 'ಪೇಡ್-ಅಪ್' ಮೌಲ್ಯ ಅಂತ ಒಂದಿಷ್ಟು ಉಳಿಯಬಹುದು, ಅಪಘಾತ ರೈಡರಿಗೆ ಅಂಥದ್ದೇನೂ ಉಳಿಯುವುದಿಲ್ಲ.

ಆಯ್ಕೆ ಮಾಡುವಾಗ ಹೆಸರು ನೋಡಬೇಡಿ, ವ್ಯಾಖ್ಯೆ ನೋಡಿ. ಒಂದೇ ಹೆಸರಿನ ಎರಡು ರೈಡರುಗಳಲ್ಲಿ ಒಂದು ಕೊಡುವ ದುಡ್ಡನ್ನು ಇನ್ನೊಂದು ಕೊಡದೆ ಇರಬಹುದು.

ಮೊದಲು ಮೂಲ ವಿಮೆ ಸಾಕಷ್ಟಿದೆಯೇ?

ಮನೆಗೆ ದುಡಿಯುವವರು ಹೋದರೆ ಹೆಂಡತಿ ಮಕ್ಕಳಿಗೆ ಬೇಕಾಗುವ ದುಡ್ಡು ಎರಡೂ ಸಂದರ್ಭದಲ್ಲಿ ಒಂದೇ: ಜ್ವರದಿಂದ ಹೋದರೂ ಅಷ್ಟೇ, ಮದ್ದೂರಿನ ಹತ್ತಿರ ರಸ್ತೆಯಲ್ಲಿ ಹೋದರೂ ಅಷ್ಟೇ. ಶಾಲೆಯ ಫೀಸು, ಸೊಸೈಟಿ ಸಾಲ, ಮನೆಯ ಸಾಲ ಯಾವುದೂ ಸಾವಿನ ಕಾರಣ ಕೇಳುವುದಿಲ್ಲ. ಆದ್ದರಿಂದ 5 ಲಕ್ಷದ ಎಂಡೋಮೆಂಟ್ ಪಾಲಿಸಿಗೆ (ಉಳಿತಾಯವೂ ಸೇರಿದ, ಅವಧಿ ಮುಗಿದಾಗ ದುಡ್ಡು ಬರುವ ವಿಮೆಗೆ) 5 ಲಕ್ಷದ ಅಪಘಾತ ರೈಡರ್ ಸೇರಿಸಿ "10 ಲಕ್ಷ ಆಯಿತು" ಎಂದುಕೊಳ್ಳುವುದು ತಪ್ಪು ಲೆಕ್ಕ. ಅದು ಅಪಘಾತದಲ್ಲಿ ಮಾತ್ರ 10 ಲಕ್ಷ, ಹೃದಯಾಘಾತವಾದರೆ 5 ಲಕ್ಷವೇ. ವರ್ಷಕ್ಕೆ ಇಂತಿಷ್ಟೇ ಕಟ್ಟಬಲ್ಲೆವು ಎಂಬ ಮಿತಿಯಿರುವ ಮನೆಯವರು ಮೊದಲು ಟರ್ಮ್ ಪ್ಲಾನಿನ (ಸಾವಾದರೆ ಮಾತ್ರ ದುಡ್ಡು ಕೊಡುವ ವಿಮೆಯ) ಮೊತ್ತ ಏರಿಸಿ, ಆಮೇಲೆ ರೈಡರ್ ನೋಡಬೇಕು. ಇದರಲ್ಲಿ ನಮಗೆ ಎರಡನೆಯ ಅಭಿಪ್ರಾಯವಿಲ್ಲ.

ಹಾಗಿದ್ದರೆ ಅಪಘಾತ ರೈಡರ್ ದಂಡವೇ? ಅಲ್ಲ. ಅದರ ಬೆಲೆಯಿರುವುದು ಸಾವಿನ ಭಾಗದಲ್ಲಿ ಅಲ್ಲ, ಅಂಗವೈಕಲ್ಯದ ಭಾಗದಲ್ಲಿ. ಬದುಕುಳಿದು ದುಡಿಯಲಾಗದೆ ಹೋದವರಿಗೆ ಮೂಲ ಜೀವ ವಿಮೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಆ ತೂತು ಮುಚ್ಚುವುದಕ್ಕೆ ರೈಡರ್ ಬೇಕು.

ಅಪಘಾತ ರೈಡರ್: ಎರಡು ಬಗೆ, ದೊಡ್ಡ ವ್ಯತ್ಯಾಸ

ಎಲ್‌ಐಸಿಯಲ್ಲೇ ಎರಡು ಅಪಘಾತ ರೈಡರುಗಳಿವೆ. ಒಂದು 'ಆಕ್ಸಿಡೆಂಟ್ ಬೆನಿಫಿಟ್', ಇನ್ನೊಂದು 'ಆಕ್ಸಿಡೆಂಟಲ್ ಡೆತ್ ಆ್ಯಂಡ್ ಡಿಸೆಬಿಲಿಟಿ ಬೆನಿಫಿಟ್'. ಊರಲ್ಲಿ ಎರಡನ್ನೂ 'ಡಬಲ್ ಆಕ್ಸಿಡೆಂಟ್' ಎಂದೇ ಕರೆಯುತ್ತಾರೆ, ಗೊಂದಲ ಶುರುವಾಗುವುದೂ ಅಲ್ಲೇ. ಮೊದಲನೆಯದು ಅಪಘಾತದಿಂದ ಸಾವಾದರೆ ಮಾತ್ರ ದುಡ್ಡು ಕೊಡುತ್ತದೆ. ಎರಡನೆಯದು ಸಾವಿಗೂ ಕೊಡುತ್ತದೆ, ಶಾಶ್ವತವಾಗಿ ಪೂರ್ತಿ ಅಂಗವಿಕಲರಾದರೂ ಕೊಡುತ್ತದೆ. ಮೊದಲನೆಯದು ಅಗ್ಗ. ಆದರೆ ಕಂತು ಕಟ್ಟುವ ಅವಧಿ ಕಡಿಮೆ, ಪಾಲಿಸಿಯ ಅವಧಿ ಹೆಚ್ಚು ಇರುವ ಪಾಲಿಸಿಗಳಲ್ಲಿ (16 ವರ್ಷ ಕಟ್ಟಿ 25ನೇ ವರ್ಷಕ್ಕೆ ದುಡ್ಡು ಪಡೆಯುವಂಥವು) ಮೊದಲನೆಯ ರೈಡರ್ ಕಂತು ಕಟ್ಟುವ ವರ್ಷಗಳಿಗೆ ಮಾತ್ರ ಸೀಮಿತ. 17ನೇ ವರ್ಷ ಅಪಘಾತವಾದರೆ ಅದು ಇಲ್ಲ. ಎರಡನೆಯದು ಪಾಲಿಸಿಯ ಪೂರ್ತಿ ಅವಧಿಗೆ, ಹೆಚ್ಚೆಂದರೆ 70 ವರ್ಷ ವಯಸ್ಸಿನವರೆಗೆ ಇರುತ್ತದೆ. ವರ್ಷಕ್ಕೆ ಕೆಲವು ನೂರು ರೂಪಾಯಿ ಉಳಿಸಲು ಮೊದಲನೆಯದನ್ನು ಆರಿಸುವುದು ನಮ್ಮ ಲೆಕ್ಕದಲ್ಲಿ ಲಾಭವಲ್ಲ.

ಅಂಗವೈಕಲ್ಯದ ದುಡ್ಡು ಒಂದೇ ಗಂಟಿನಲ್ಲಿ ಬರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಎಲ್‌ಐಸಿಯ ರೈಡರಿನಲ್ಲಿ ಅದು 10 ವರ್ಷಗಳ ಕಾಲ ತಿಂಗಳ ಕಂತಿನಲ್ಲಿ ಬರುತ್ತದೆ. 10 ಲಕ್ಷದ ರೈಡರ್ ಆದರೆ 120 ತಿಂಗಳಿಗೆ ಭಾಗಿಸಿ, ತಿಂಗಳಿಗೆ 8,333 ರೂಪಾಯಿ. ಜೊತೆಗೆ ಆ ರೈಡರಿನ ಮುಂದಿನ ಪ್ರೀಮಿಯಂ, ಮೂಲ ಪಾಲಿಸಿಯಲ್ಲಿ ಆ ಮೊತ್ತಕ್ಕೆ ತಕ್ಕಷ್ಟು ಪ್ರೀಮಿಯಂ, ಎರಡೂ ಮನ್ನಾ. ಖಾಸಗಿ ಕಂಪನಿಗಳಲ್ಲಿ ಕೆಲವು ಒಟ್ಟಿಗೆ ಕೊಡುತ್ತವೆ, ಕೆಲವು ಮಾಸಿಕ ಆದಾಯವಾಗಿ ಕೊಡುತ್ತವೆ. ಮನೆ ಸಾಲವಿರುವವರಿಗೆ ಒಟ್ಟು ದುಡ್ಡು ಅನುಕೂಲ. ದುಡ್ಡು ಕೈಗೆ ಬಂದರೆ ನೆಂಟರಿಷ್ಟರ ಪಾಲಾಗುವ ಭಯವಿರುವ ಮನೆಗೆ ತಿಂಗಳ ಕಂತು ಒಳ್ಳೆಯದು.

ಈಗ ವ್ಯಾಖ್ಯೆಯನ್ನು ಹತ್ತಿರದಿಂದ ನೋಡೋಣ. ಮಂಡ್ಯದ ಆಲೆಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಗಾಣ ತಿರುಗುತ್ತಿದೆ, ಆಳು ಕಬ್ಬಿನ ಜಲ್ಲೆಗಳನ್ನು ರೋಲರಿನ ಬಾಯಿಗೆ ಕೊಡುತ್ತಿದ್ದಾನೆ. ಸಿಕ್ಕಿಕೊಂಡ ಒಂದು ಜಲ್ಲೆಯನ್ನು ಸರಿಪಡಿಸಲು ಹೋಗಿ ಬಲಗೈ ಒಳಗೆ ಹೋಗುತ್ತದೆ. ಜೀವ ಉಳಿಯಿತು, ಕೈ ಮಣಿಕಟ್ಟಿನಿಂದ ಹೋಯಿತು. ಅವನ ಮಟ್ಟಿಗೆ ದುಡಿಮೆಯೇ ಹೋದಂತೆ. ರೈಡರ್ ದುಡ್ಡು ಕೊಡುತ್ತದೆಯೇ? ಕೊಡುವುದಿಲ್ಲ. 'ಪೂರ್ತಿ ಮತ್ತು ಶಾಶ್ವತ' ಎಂಬುದಕ್ಕೆ ಬಾಂಡಿನಲ್ಲಿರುವ ಅರ್ಥ ಹೀಗಿದೆ: ಎರಡೂ ಕಣ್ಣು ಹೋಗಬೇಕು, ಇಲ್ಲವೇ ಎರಡೂ ಕೈ ಮಣಿಕಟ್ಟಿನಿಂದ ಮೇಲಕ್ಕೆ, ಇಲ್ಲವೇ ಎರಡೂ ಕಾಲು ಹರಡಿನಿಂದ ಮೇಲಕ್ಕೆ, ಇಲ್ಲವೇ ಒಂದು ಕೈ ಜೊತೆಗೆ ಒಂದು ಕಾಲು ಹೋಗಬೇಕು. ಅಥವಾ ಮುಂದೆ ಎಂದೂ ಯಾವ ಕೆಲಸವನ್ನೂ ಮಾಡಿ ಸಂಪಾದಿಸಲಾಗದ ಸ್ಥಿತಿ ಬಂದಿರಬೇಕು. ಒಂದು ಕೈ ಹೋದವನು 'ಯಾವ ಕೆಲಸವನ್ನೂ ಮಾಡಲಾರ' ಎಂದು ಸಾಧಿಸುವುದು ಬಹಳ ಕಷ್ಟ.

ಅದೇ ಆಳು ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿದ್ದರೆ ಒಂದು ಕೈಗೆ 1 ಲಕ್ಷ ರೂಪಾಯಿ ಬರುತ್ತದೆ. ಅದರಲ್ಲಿ ಸಾವಿಗೂ ಪೂರ್ಣ ಅಂಗವೈಕಲ್ಯಕ್ಕೂ 2 ಲಕ್ಷ. ವಯಸ್ಸು 18ರಿಂದ 70. ಜೂನ್ 1ರಿಂದ ಮೇ 31ರವರೆಗೆ ಒಂದು ವರ್ಷದ ರಕ್ಷೆ, ಆದ್ದರಿಂದ ಮೇ ಕೊನೆಯ ವಾರ ಖಾತೆಯಲ್ಲಿ ದುಡ್ಡಿದೆಯೇ ನೋಡಿಕೊಳ್ಳಬೇಕು. ಸ್ವಂತ ಬೈಕ್ ಓಡಿಸುವಾಗ ಅಪಘಾತವಾಗಿ ಒಂದು ಕೈ ಹೋಗಿದ್ದರೆ, ವಾಹನ ವಿಮೆಯ ಜೊತೆ ಬರುವ 15 ಲಕ್ಷದ ಮಾಲೀಕ-ಚಾಲಕ ವೈಯಕ್ತಿಕ ಅಪಘಾತ ರಕ್ಷೆಯಲ್ಲಿ ಅರ್ಧ, ಅಂದರೆ ಏಳೂವರೆ ಲಕ್ಷ ಬರುತ್ತದೆ. ಷರತ್ತು ಎರಡು: ಆರ್‌ಸಿ ಓಡಿಸುತ್ತಿದ್ದವರ ಹೆಸರಿನಲ್ಲೇ ಇರಬೇಕು, ಚಾಲನಾ ಪರವಾನಗಿ ಚಾಲ್ತಿಯಲ್ಲಿರಬೇಕು. ಅಪ್ಪನ ಹೆಸರಿನ ಬೈಕನ್ನು ಮಗ ಓಡಿಸುವ ನಮ್ಮ ಕಡೆಯ ರೂಢಿಯಲ್ಲಿ ಈ ರಕ್ಷೆ ಎಷ್ಟೋ ಮನೆಗಳಿಗೆ ತಪ್ಪಿಹೋಗುತ್ತದೆ.

ಹಾಗಾಗಿ ಅಪಘಾತದ ವಿಷಯದಲ್ಲಿ ನಿಜವಾದ ಹೋಲಿಕೆ ರೈಡರಿಗೂ ರೈಡರಿಗೂ ಅಲ್ಲ, ರೈಡರಿಗೂ ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿಗೂ. ಪ್ರತ್ಯೇಕ ಪಾಲಿಸಿಯಲ್ಲಿ ಭಾಗಶಃ ಅಂಗವೈಕಲ್ಯವೂ ಸೇರಿರುತ್ತದೆ. ಒಂದು ಬೆರಳಿಗೆ ಎಷ್ಟು, ಒಂದು ಕಣ್ಣಿಗೆ ಎಷ್ಟು ಎಂಬ ಪಟ್ಟಿ ಬಾಂಡಿನಲ್ಲೇ ಇರುತ್ತದೆ. ಮೂಳೆ ಮುರಿದು ಮೂರು ತಿಂಗಳು ಮಲಗಿದರೆ ಆ ಅವಧಿಗೂ ದುಡ್ಡು ಕೊಡುವ ಆಯ್ಕೆ ಸಿಗುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ನಮೂನೆಯಲ್ಲಿ ತಂದಿರುವ 'ಸರಳ್ ಸುರಕ್ಷಾ ಬಿಮಾ' ಎರಡೂವರೆ ಲಕ್ಷದಿಂದ 1 ಕೋಟಿಯವರೆಗೆ ಸಿಗುತ್ತದೆ. ಅದರ ಕೊರತೆ ಎಂದರೆ ವರ್ಷವರ್ಷ ನವೀಕರಿಸಬೇಕು, ಒಂದು ವರ್ಷ ಮರೆತರೆ ರಕ್ಷೆ ಇಲ್ಲ. ಪ್ರೀಮಿಯಂ ಕೂಡ ಕಸುಬಿನ ಅಪಾಯಕ್ಕೆ ತಕ್ಕಂತೆ ಏರುತ್ತದೆ. ಕಚೇರಿಯಲ್ಲಿ ಕೂರುವವರಿಗೆ ಒಂದು ದರ, ಲಾರಿ ಓಡಿಸುವವರಿಗೆ ಇನ್ನೊಂದು. ಕೈಯಿಂದ ದುಡಿಯುವ ಯಾರಿಗೇ ಆಗಲಿ, ಅಂದರೆ ಗಾಣ, ಟ್ರ್ಯಾಕ್ಟರ್, ಮರಗೆಲಸ, ಲೇತ್, ಮಗ್ಗ ಯಾವುದೇ ಇರಲಿ, ನಾವು ಪ್ರತ್ಯೇಕ ಪಾಲಿಸಿಯನ್ನೇ ಮೊದಲು ಹೇಳುತ್ತೇವೆ, ರೈಡರನ್ನು ಆಮೇಲೆ. ಇವೆಲ್ಲ ನಿಗದಿತ ಮೊತ್ತ ಕೊಡುವ ಕರಾರುಗಳಾದ್ದರಿಂದ ಒಂದರಲ್ಲಿ ದುಡ್ಡು ಬಂತೆಂದು ಇನ್ನೊಂದರಲ್ಲಿ ನಿಲ್ಲುವುದಿಲ್ಲ.

ರೈಡರ್ ಯಾವಾಗ ಕೈ ಕೊಡುತ್ತದೆ ಎಂಬುದಕ್ಕೂ ಪಟ್ಟಿ ಇದೆ. ಕುಡಿದ ಅಮಲಿನಲ್ಲಿದ್ದರೆ ಇಲ್ಲ. ಆತ್ಮಹತ್ಯೆಯ ಪ್ರಯತ್ನ, ಗಲಭೆ, ಅಪರಾಧದ ಉದ್ದೇಶದ ಕೃತ್ಯ, ರೇಸು, ಸಾಹಸ ಕ್ರೀಡೆಗಳಿಗೆ ಇಲ್ಲ. ಅಪಘಾತವಾಗಿ 180 ದಿನದೊಳಗೆ ಸಾವಾದರೆ ಮಾತ್ರ ಅಪಘಾತದ ಸಾವು. ಪೊಲೀಸ್ ಇಲಾಖೆಯವರಿಗೆ ಒಂದು ಮುಖ್ಯ ಮಾತು: ಎಲ್‌ಐಸಿಯ ರೈಡರಿನಲ್ಲಿ ಕರ್ತವ್ಯದಲ್ಲಿದ್ದಾಗ ಆಗುವ ಅಪಘಾತ ತಾನಾಗಿ ಸೇರುವುದಿಲ್ಲ. ಅದಕ್ಕೆ ಬೇರೆಯ ಆಯ್ಕೆಯಿದೆ, ಕೇಳಿ ಪಡೆಯಬೇಕು. ಕಚೇರಿಯ ಆಡಳಿತ ಕೆಲಸದಲ್ಲಿರುವವರಿಗೆ ಈ ತೊಡಕಿಲ್ಲ, ಠಾಣೆ ಮತ್ತು ಬಂದೋಬಸ್ತಿನಲ್ಲಿರುವವರಿಗೆ ಇದೆ.

ಇನ್ನು ಕಾಗದಪತ್ರ. ಅಪಘಾತದ ಕ್ಲೇಮ್ ಹಾಳಾಗುವುದು ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿ ಸಾವಾದರೆ ಮನೆಯವರು ದೇಹವನ್ನು ಕತ್ತರಿಸುವುದು ಬೇಡವೆಂದು ನೇರವಾಗಿ ತೋಟಕ್ಕೆ ಒಯ್ದು ಸಂಸ್ಕಾರ ಮಾಡಿಬಿಡುತ್ತಾರೆ. ಆ ನೋವಿನ ಹೊತ್ತಿನಲ್ಲಿ ಅದು ಸಹಜವೇ. ಆದರೆ ಪೊಲೀಸರ ದೂರು, ಪಂಚನಾಮೆ, ಪೋಸ್ಟ್‌ಮಾರ್ಟಂ ವರದಿ ಇಲ್ಲದೆ ಅದು ಅಪಘಾತವೆಂದು ತೋರಿಸಲು ಆಧಾರವೇ ಉಳಿಯುವುದಿಲ್ಲ. ಮೂಲ ಪಾಲಿಸಿಯ ದುಡ್ಡು ಬರುತ್ತದೆ, ರೈಡರಿನದು ನಿಲ್ಲುತ್ತದೆ. ಹಾಗೆಯೇ ವಿ.ಸಿ. ನಾಲೆಯಲ್ಲಿ ಕಾಲು ಜಾರಿ ಬಿದ್ದರೂ ಕರೆಂಟ್ ಹೊಡೆದರೂ ಪಂಪ್‌ಸೆಟ್ ಬಾವಿಗೆ ಬಿದ್ದರೂ ಠಾಣೆಯಲ್ಲಿ ಅಸಹಜ ಸಾವಿನ ಪ್ರಕರಣವಾಗಿ ದಾಖಲಾಗಬೇಕು. ಗಾಯಾಳುವನ್ನು ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಸೇರಿಸುವಾಗ ಮೊದಲ ಚೀಟಿಯಲ್ಲೇ ಹೇಗೆ ಗಾಯವಾಯಿತು ಎಂದು ಸರಿಯಾಗಿ ಬರೆಸಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಪ್ರಕರಣವೆಂಬ ದಾಖಲೆ) ಆಗಿದೆಯೇ ಕೇಳಿ. 'ಮನೆಯಲ್ಲಿ ಬಿದ್ದದ್ದು' ಎಂದು ಮೊದಲು ಬರೆಸಿ ಆಮೇಲೆ 'ಬೈಕ್ ಅಪಘಾತ' ಎಂದರೆ ಕಂಪನಿಯವರು ಆ ಎರಡು ಸಾಲುಗಳನ್ನೇ ಹಿಡಿದುಕೊಳ್ಳುತ್ತಾರೆ. ಮೂರು ವಾರ ಆಸ್ಪತ್ರೆಯಲ್ಲಿದ್ದು ತೀರಿಕೊಂಡರೂ ಪೋಸ್ಟ್‌ಮಾರ್ಟಂ ಬೇಕೇ ಬೇಕು.

ಗಂಭೀರ ಕಾಯಿಲೆಯ ರೈಡರ್: ರೋಗದ ಹೆಸರಿದ್ದರೆ ಸಾಲದು

ಈ ರೈಡರ್ ಆಸ್ಪತ್ರೆಯ ಬಿಲ್ ಕೊಡುವುದಿಲ್ಲ. ಪಟ್ಟಿಯಲ್ಲಿರುವ ಕಾಯಿಲೆ, ಹೇಳಿದ ತೀವ್ರತೆಯಲ್ಲಿ ಬಂದಿದೆ ಎಂದು ದೃಢಪಟ್ಟರೆ ಒಟ್ಟು ಮೊತ್ತ ಕೈಗೆ ಕೊಡುತ್ತದೆ. ಬಿಲ್ಲಿಗಾದರೆ ಆರೋಗ್ಯ ವಿಮೆ ಇದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಹಾಲಿನ ಡೇರಿ, ಸೊಸೈಟಿ ಸದಸ್ಯರಿಗೆ ಯಶಸ್ವಿನಿ ಇದೆ. ಇವೆಲ್ಲ ದುಡ್ಡು ಕೊಡುವುದು ಆಸ್ಪತ್ರೆಗೆ. ಆರು ತಿಂಗಳು ಕೆಲಸಕ್ಕೆ ಹೋಗಲಾಗದೆ ಮನೆಯ ಒಲೆ ಉರಿಯುವುದು ಹೇಗೆ ಎಂಬುದಕ್ಕೆ ಉತ್ತರ ಈ ರೈಡರಿನಲ್ಲಿದೆ. ಆರೋಗ್ಯ ವಿಮೆ ಇಲ್ಲದೆ ಇದೊಂದನ್ನೇ ಕೊಳ್ಳುವುದು ತಲೆಕೆಳಗಾದ ಕ್ರಮ.

ಕಂಪನಿಗಳು '15 ಕಾಯಿಲೆ', '34 ಕಾಯಿಲೆ', '60 ಕಾಯಿಲೆ' ಎಂದು ಸಂಖ್ಯೆ ತೋರಿಸಿ ಮಾರುತ್ತವೆ. ಸಂಖ್ಯೆಗೆ ಮರುಳಾಗಬೇಡಿ. ಕ್ಯಾನ್ಸರ್, ಹೃದಯಾಘಾತ, ಬೈಪಾಸ್, ಪಾರ್ಶ್ವವಾಯು, ಮೂತ್ರಪಿಂಡ ವೈಫಲ್ಯ, ಅಂಗಾಂಗ ಕಸಿ ಇಷ್ಟರ ವ್ಯಾಖ್ಯೆ ಹೇಗಿದೆ ನೋಡಿ. ಮುಖ್ಯವಾದ ಕಾಯಿಲೆಗಳ ವ್ಯಾಖ್ಯೆಯನ್ನು ನಿಯಂತ್ರಣ ಪ್ರಾಧಿಕಾರವೇ ಎಲ್ಲ ಕಂಪನಿಗಳಿಗೂ ಏಕರೂಪವಾಗಿ ನಿಗದಿ ಮಾಡಿದೆ. ಆದ್ದರಿಂದ ಕಂಪನಿಗಳ ನಡುವೆ ವ್ಯತ್ಯಾಸ ಬರುವುದು ಪಟ್ಟಿಯ ಬಾಲದಲ್ಲಿ ಮತ್ತು ಆರಂಭಿಕ ಹಂತದ ಕಾಯಿಲೆಗೆ ಭಾಗಶಃ ದುಡ್ಡು ಕೊಡುತ್ತಾರೆಯೇ ಎಂಬಲ್ಲಿ.

ಹೃದಯದ ಉದಾಹರಣೆ ಸಾಕು. ಮೈಸೂರಿನ ಜಯದೇವದಂಥ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ ಮಾಡಿ, ಒಂದು ಸ್ಟೆಂಟ್ ಹಾಕಿ, ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. 'ಬೈಪಾಸ್' ಎಂದು ಬಾಂಡಿನಲ್ಲಿ ಬರೆದಿರುವುದು ಎದೆ ತೆರೆದು ಅಥವಾ ಸಣ್ಣ ಸೀಳಿನ ಮೂಲಕ ಮಾಡುವ ಬೈಪಾಸ್ ಶಸ್ತ್ರಚಿಕಿತ್ಸೆಗೆ. ಸ್ಟೆಂಟ್ ಅದರಲ್ಲಿ ಸೇರುವುದಿಲ್ಲ. ಕೆಲವು ರೈಡರುಗಳು ಸ್ಟೆಂಟಿಗೆ ಬೇರೆಯದೇ ಸಾಲಿನಲ್ಲಿ ಸಣ್ಣ ಮೊತ್ತ ಕೊಡುತ್ತವೆ, ಹಲವು ಕೊಡುವುದೇ ಇಲ್ಲ. ಆದರೆ ಸ್ಟೆಂಟ್ ಹಾಕುವ ಮೊದಲು ನಿಜಕ್ಕೂ ಹೃದಯಾಘಾತ ಆಗಿತ್ತೆಂದರೆ ಕ್ಲೇಮ್ 'ಹೃದಯಾಘಾತ'ದ ಅಡಿಯಲ್ಲಿ ನಿಲ್ಲಬಹುದು. ಅದಕ್ಕೆ ಮೂರು ಬೇಕು: ಎದೆನೋವಿನ ಲಕ್ಷಣ ದಾಖಲಾಗಿರಬೇಕು, ಇಸಿಜಿಯಲ್ಲಿ ಹೊಸ ಬದಲಾವಣೆ ಕಾಣಬೇಕು, ರಕ್ತದಲ್ಲಿ ಟ್ರೊಪೊನಿನ್ (ಹೃದಯಕ್ಕೆ ಪೆಟ್ಟಾದಾಗ ಹೆಚ್ಚುವ ಅಂಶ) ಏರಿರಬೇಕು. ಆದ್ದರಿಂದ ಆಸ್ಪತ್ರೆಗೆ ಸೇರಿದ ಮೊದಲ ಗಂಟೆಯ ಇಸಿಜಿ ಮತ್ತು ಸ್ಟೆಂಟ್ ಹಾಕುವ ಮೊದಲಿನ ಟ್ರೊಪೊನಿನ್ ವರದಿಯ ಪ್ರತಿ ಬಿಡದೆ ಕೇಳಿ ತನ್ನಿ. ಸ್ಟೆಂಟ್ ಹಾಕಿದ ಕಾರಣಕ್ಕೇ ಏರುವ ಟ್ರೊಪೊನಿನ್ ಲೆಕ್ಕಕ್ಕಿಲ್ಲ. ಇಸಿಜಿ ಕಾಗದದ ಮೇಲಿನ ಗುರುತು ಕೆಲವು ತಿಂಗಳಲ್ಲೇ ಮಾಸುತ್ತದೆ, ಅಂದೇ ಜೆರಾಕ್ಸ್ ಮಾಡಿಸಿಡಿ.

ಉಳಿದವೂ ಹೀಗೇ. ಪಾರ್ಶ್ವವಾಯು ಹೊಡೆದು ಹದಿನೈದು ದಿನಕ್ಕೆ ಸರಿಯಾದರೆ ದುಡ್ಡಿಲ್ಲ, ತೊಂದರೆ ಮೂರು ತಿಂಗಳಾದರೂ ಉಳಿದಿರಬೇಕು. ಹಾವು ಕಚ್ಚಿ ಮೂತ್ರಪಿಂಡ ಕೆಟ್ಟು ಎರಡು ವಾರ ಡಯಾಲಿಸಿಸ್ ಮಾಡಿಸಿ ಚೇತರಿಸಿಕೊಂಡರೆ ಇಲ್ಲ, ಎರಡೂ ಮೂತ್ರಪಿಂಡ ಮತ್ತೆ ಸರಿಹೋಗದಂತೆ ಕೆಟ್ಟು ನಿಯಮಿತ ಡಯಾಲಿಸಿಸ್ ಅಥವಾ ಕಸಿ ಬೇಕಾಗಿರಬೇಕು. ಕ್ಯಾನ್ಸರ್ ಇನ್ನೂ ಹುಟ್ಟಿದ ಜಾಗದಲ್ಲೇ ಇರುವ ಆರಂಭಿಕ ಹಂತ, ಥೈರಾಯ್ಡ್‌ನ ಚಿಕ್ಕ ಗೆಡ್ಡೆ, ಚರ್ಮದ ಹಲವು ಬಗೆಯ ಕ್ಯಾನ್ಸರುಗಳು ಮುಖ್ಯ ವ್ಯಾಖ್ಯೆಯಿಂದ ಹೊರಗೆ. ಪಾಲಿಸಿ ಶುರುವಾದ ಮೊದಲ 90 ದಿನದಲ್ಲಿ ಕಾಣಿಸಿಕೊಂಡ ಕಾಯಿಲೆಗೆ ಸಾಮಾನ್ಯವಾಗಿ ಏನೂ ಇಲ್ಲ. ಕಾಯಿಲೆ ಗೊತ್ತಾದ ಮೇಲೆ 30 ದಿನ ಬದುಕಿರಬೇಕೆಂಬ ಷರತ್ತೂ ಹೆಚ್ಚಿನವುಗಳಲ್ಲಿದೆ.

ಇಲ್ಲಿ ಕೇಳಲೇಬೇಕಾದ ಪ್ರಶ್ನೆ: ಈ ದುಡ್ಡು ಮೂಲ ಮೊತ್ತದ ಮೇಲೆ ಹೆಚ್ಚುವರಿಯಾಗಿ ಬರುತ್ತದೆಯೋ, ಮೂಲ ಮೊತ್ತದಿಂದಲೇ ಮುಂಚಿತವಾಗಿ ಬರುತ್ತದೆಯೋ? 50 ಲಕ್ಷದ ಟರ್ಮ್ ಪ್ಲಾನಿನಲ್ಲಿ 10 ಲಕ್ಷದ 'ಆಕ್ಸಿಲರೇಟೆಡ್' ರೈಡರ್ ಇದ್ದು ಕ್ಲೇಮ್ ಆದರೆ, ಮುಂದೆ ಸಾವಿಗೆ ಉಳಿಯುವುದು 40 ಲಕ್ಷ. ಹೆಚ್ಚುವರಿ ಬಗೆಯದಾದರೆ 50 ಲಕ್ಷ ಹಾಗೇ ಇರುತ್ತದೆ. ಮೊದಲನೆಯದು ಅಗ್ಗವಾಗಿ ಕಾಣುವುದು ಇದೇ ಕಾರಣಕ್ಕೆ. ಕ್ಯಾನ್ಸರ್ ಬಂದವರಿಗೆ ಆಮೇಲೆ ಹೊಸ ವಿಮೆ ಸಿಗುವುದು ಕಷ್ಟವಾದ್ದರಿಂದ, ಚಿಕ್ಕ ಮಕ್ಕಳಿರುವ ಮನೆಗೆ ಹೆಚ್ಚುವರಿ ಬಗೆಯದೇ ಸರಿ ಎಂಬುದು ನಮ್ಮ ನಿಲುವು.

ಪ್ರೀಮಿಯಂ ಮನ್ನಾ: ಯಾರ ಜೀವದ ಮೇಲೆ?

ಮಗುವಿನ ಹೆಸರಿನಲ್ಲಿ ಪಾಲಿಸಿ ಮಾಡಿಸಿದರೆ ಕಂತು ಕಟ್ಟುವುದು ಅಪ್ಪ ಅಥವಾ ಅಮ್ಮ. ಅವರು ತೀರಿಕೊಂಡರೆ ಮುಂದಿನ ಕಂತುಗಳು ಮನ್ನಾ ಆಗಿ ಪಾಲಿಸಿ ನಡೆದುಕೊಂಡು ಹೋಗುವುದು ಈ ರೈಡರಿನ ಕೆಲಸ. ಮಕ್ಕಳ ಪಾಲಿಸಿ ಮಾಡಿಸುವವರು ಇದನ್ನು ಬಿಡಲೇಬಾರದು. ಆದರೆ ರೈಡರ್ ಯಾರ ಜೀವದ ಮೇಲಿದೆ ನೋಡಿ. ಕಂತು ನಿಜವಾಗಿ ಹೋಗುವುದು ಅಮ್ಮನ ಸಂಬಳದಿಂದ, ಪ್ರೊಪೋಸರ್ (ಪಾಲಿಸಿಗೆ ಅರ್ಜಿ ಕೊಟ್ಟವರು) ಮಾತ್ರ ಅಪ್ಪ ಎಂದಾದರೆ ಅಮ್ಮನಿಗೇನಾದರೂ ಆದಾಗ ಮನ್ನಾ ಇಲ್ಲ.

ನಿಮ್ಮದೇ ಹೆಸರಿನ ಟರ್ಮ್ ಪ್ಲಾನಿಗೆ ಸಾವಿನ ಮೇಲಿನ ಪ್ರೀಮಿಯಂ ಮನ್ನಾಕ್ಕೆ ಅರ್ಥವಿಲ್ಲ, ಸಾವಾದರೆ ಪಾಲಿಸಿಯೇ ಮುಗಿಯಿತು. ಅಲ್ಲಿ ಬೇಕಿರುವುದು ಅಂಗವೈಕಲ್ಯ ಅಥವಾ ಗಂಭೀರ ಕಾಯಿಲೆಯಾದಾಗ ಕಂತು ಮನ್ನಾ ಮಾಡುವಂಥದ್ದು. ಆದಾಯ ನಿಂತ ಮನೆಯಲ್ಲಿ ಮೊದಲು ನಿಲ್ಲುವುದು ವಿಮೆಯ ಕಂತೇ.

ಟರ್ಮ್ ರೈಡರ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಎಂಡೋಮೆಂಟಿನ ಜೊತೆ ಸಾವಿನ ಮೊತ್ತ ಹೆಚ್ಚಿಸಲು ಇರುವುದು ಅದು, ಮೂಲ ಮೊತ್ತಕ್ಕಿಂತ ಹೆಚ್ಚು ಸಿಗುವುದಿಲ್ಲ. ಪ್ರತ್ಯೇಕ ಟರ್ಮ್ ಪ್ಲಾನ್ ಸಿಗುವ ವಯಸ್ಸು, ಆರೋಗ್ಯ ಇದ್ದರೆ ಅದನ್ನೇ ಕೊಳ್ಳಿ. ಎಂಡೋಮೆಂಟ್ ಬೇಡವಾದ ದಿನ ಅದನ್ನು ಬಿಟ್ಟರೂ ಟರ್ಮ್ ಉಳಿಯುತ್ತದೆ.

ಮಿತಿ, ತೆರಿಗೆ, ದಿನಾಂಕ

ರೈಡರುಗಳಿಗೆ ನಿಯಮದ ಮಿತಿ ಇದೆ. ಗಂಭೀರ ಕಾಯಿಲೆಯ ರೈಡರಿನ ಪ್ರೀಮಿಯಂ ಮೂಲ ಪ್ರೀಮಿಯಂನ ಶೇ. 100 ಮೀರುವಂತಿಲ್ಲ, ಉಳಿದ ಜೀವ ವಿಮಾ ರೈಡರುಗಳದ್ದು ಒಟ್ಟು ಸೇರಿ ಶೇ. 30 ಮೀರುವಂತಿಲ್ಲ. ವರ್ಷಕ್ಕೆ 12,000 ರೂಪಾಯಿಯ ಟರ್ಮ್ ಪ್ಲಾನಿದ್ದರೆ ಆ ಶೇ. 30ರ ಮಿತಿ 3,600 ರೂಪಾಯಿ. ಟರ್ಮ್ ಪ್ಲಾನ್ ಅಗ್ಗವಾದಷ್ಟೂ ಈ ಜಾಗ ಕಿರಿದು. "ನೀವು ಕೇಳಿದಷ್ಟು ರೈಡರ್ ಸಿಸ್ಟಮ್ ತಗೊಳ್ತಿಲ್ಲ ಸಾರ್" ಎಂದು ಏಜೆಂಟರು ಹೇಳುವುದಕ್ಕೆ ಇದೂ ಒಂದು ಕಾರಣ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಯ ಪ್ರೀಮಿಯಂಗೆ ಜಿಎಸ್‌ಟಿ ಇಲ್ಲ. ಹಳೆಯ ಕೊಟೇಶನ್‌ಗಳಲ್ಲಿ ಟರ್ಮ್ ಪ್ರೀಮಿಯಂ ಮೇಲೆ ಶೇ. 18 ಸೇರಿರುತ್ತದೆ, ಅಂಥವನ್ನು ಹೊಸದರ ಜೊತೆ ಇಟ್ಟು ಹೋಲಿಸಬೇಡಿ. ಪ್ರೀಮಿಯಂ ಮೇಲೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿರುವವರಿಗೆ "ಟ್ಯಾಕ್ಸ್ ಉಳಿಯುತ್ತೆ" ಎಂದು ರೈಡರ್ ಮಾರಿದರೆ ಆ ಮಾತಿಗೆ ಬೆಲೆ ಇಲ್ಲ.

ಎಲ್‌ಐಸಿಯಲ್ಲಿ ಗಂಭೀರ ಕಾಯಿಲೆ ಮತ್ತು ಟರ್ಮ್ ರೈಡರುಗಳನ್ನು ಪಾಲಿಸಿ ಶುರುವಾಗುವಾಗಲೇ ಹಾಕಿಸಬೇಕು, ಆಮೇಲೆ ಸಿಗುವುದಿಲ್ಲ. ಅಪಘಾತ ರೈಡರನ್ನು ಮಧ್ಯದಲ್ಲೂ ಸೇರಿಸಬಹುದು, ಕಂತು ಕಟ್ಟುವ ಅವಧಿ ಇನ್ನೂ 5 ವರ್ಷವಾದರೂ ಉಳಿದಿರಬೇಕು. ಇಲ್ಲೊಂದು ಸೂಕ್ಷ್ಮವಿದೆ. ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಮೂರು ವರ್ಷ ಕಳೆದ ಪಾಲಿಸಿಯನ್ನು ಯಾವ ಕಾರಣಕ್ಕೂ ಕಂಪನಿ ಪ್ರಶ್ನಿಸುವಂತಿಲ್ಲ. ಆದರೆ ಆ ಮೂರು ವರ್ಷದ ಎಣಿಕೆ ಪಾಲಿಸಿ ಕೊಟ್ಟ ದಿನ, ಅಪಾಯ ರಕ್ಷೆ ಶುರುವಾದ ದಿನ, ಮತ್ತೆ ಚಾಲ್ತಿಗೆ ತಂದ ದಿನ, ರೈಡರ್ ಸೇರಿಸಿದ ದಿನ ಇವುಗಳಲ್ಲಿ ಕೊನೆಯದರಿಂದ. ಹಾಗಾಗಿ ರೈಡರ್ ಸೇರಿಸುವಾಗಲೂ ಬಿಪಿ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಗುಟ್ಕಾ ಎಲ್ಲವನ್ನೂ ಇದ್ದಂತೆ ಬರೆಸಿ. ಎಲ್ಲ ಅಂಕಣಕ್ಕೂ 'ಇಲ್ಲ' ಎಂದು ತುಂಬಿದ ಫಾರ್ಮಿಗೆ ಸಹಿ ಹಾಕಬೇಡಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವುದೂ ತಂಬಾಕು ಸೇವನೆಯೇ.

ಮಂಡ್ಯದ ಕಬ್ಬಿನ ರೈತರು ಕಂತಿನ ದಿನಾಂಕದ ಮೇಲೆ ವಿಶೇಷ ಗಮನ ಕೊಡಬೇಕು. ಕಬ್ಬು ಕಾರ್ಖಾನೆಗೆ ಹೋಗಿ 14 ದಿನದೊಳಗೆ ದುಡ್ಡು ಕೊಡಬೇಕೆಂದು ಕಾನೂನಿದ್ದರೂ ಬಿಲ್ ತಡವಾಗುವುದು ಯಾರಿಗೂ ಹೊಸದಲ್ಲ. ಪಾಲಿಸಿ ಶುರುವಾದ ದಿನವೇ ಪ್ರತಿ ವರ್ಷದ ಕಂತಿನ ದಿನವಾಗುತ್ತದೆ. ಆದ್ದರಿಂದ ಕಬ್ಬಿನ ದುಡ್ಡು ಕೈಗೆ ಬಂದು ಒಂದೆರಡು ತಿಂಗಳಾದ ಹೊತ್ತಿಗೆ ಪಾಲಿಸಿ ಶುರು ಮಾಡಿ, ವಾರ್ಷಿಕ ಕಂತು ಆರಿಸಿ. ವಾರ್ಷಿಕಕ್ಕೆ ಕೊನೆಯ ದಿನದ ಮೇಲೆ 30 ದಿನ ರಿಯಾಯಿತಿ ಇದೆ, ತಿಂಗಳ ಕಂತಿಗೆ 15 ದಿನ ಮಾತ್ರ. ಆ ದಿನಗಳಲ್ಲಿ ರಕ್ಷೆ ಇರುತ್ತದೆ, ದಾಟಿದರೆ ಇಲ್ಲ. ಐದು ವರ್ಷದೊಳಗೆ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತರಬಹುದು. ಆದರೆ ಆರೋಗ್ಯದ ಘೋಷಣೆ ಮತ್ತೆ ಕೊಡಬೇಕು, ಗಂಭೀರ ಕಾಯಿಲೆಯ 90 ದಿನದ ಕಾಯುವಿಕೆ ಮತ್ತೆ ಮೊದಲಿನಿಂದ.

ನಿಮ್ಮ ಮನೆಗೆ ಯಾವುದು?

ಮಂಡ್ಯದಿಂದ ದಿನಾ ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಬೈಕಿನಲ್ಲಿ ಹೋಗಿಬರುವ ಮೂವತ್ತರ ಹರೆಯದವರಾದರೆ: ದೊಡ್ಡ ಟರ್ಮ್ ಪ್ಲಾನ್, ಅದಕ್ಕೆ ಅಪಘಾತದ ಅಂಗವೈಕಲ್ಯ ರೈಡರ್, ಜೊತೆಗೆ ಪ್ರತ್ಯೇಕ ಅಪಘಾತ ಪಾಲಿಸಿ. ಬೈಕ್ ನಿಮ್ಮ ಹೆಸರಿಗಿರಲಿ. ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಇದ್ದರೆ ಗಂಭೀರ ಕಾಯಿಲೆಯ ರೈಡರನ್ನು ಈಗಲೇ ಹಾಕಿಸಿ, ನಲವತ್ತೈದಕ್ಕೆ ದರವೂ ಏರಿರುತ್ತದೆ, ಆರೋಗ್ಯ ಪರೀಕ್ಷೆಯೂ ಬಿಗಿಯಾಗಿರುತ್ತದೆ.

ಮೈಸೂರಿನ ಹೆಬ್ಬಾಳದ ಐಟಿ ಕಂಪನಿಯಲ್ಲಿರುವವರಿಗೆ ಕಂಪನಿಯ ಗುಂಪು ವಿಮೆಯಲ್ಲಿ ಅಪಘಾತ ರಕ್ಷೆ ಈಗಾಗಲೇ ಇರಬಹುದು. ಎಚ್‌ಆರ್ ಕಚೇರಿಯಿಂದ ಪಾಲಿಸಿಯ ಪ್ರತಿ ತರಿಸಿ ಓದಿ. ಆದರೆ ಕೆಲಸ ಬಿಟ್ಟ ದಿನ ಅದು ಹೋಗುತ್ತದೆ, ಆದ್ದರಿಂದ ಗಂಭೀರ ಕಾಯಿಲೆ ಮತ್ತು ಪ್ರೀಮಿಯಂ ಮನ್ನಾ ನಿಮ್ಮದೇ ಪಾಲಿಸಿಯಲ್ಲಿರಲಿ.

ಎರಡೆಕರೆ ಗದ್ದೆ, ಎರಡು ಹಸು ಇರುವ ರೈತ ಕುಟುಂಬಕ್ಕೆ ರೈಡರಿಗಿಂತ ಮೊದಲು 20 ರೂಪಾಯಿಯ ಸುರಕ್ಷಾ ಬಿಮಾ, 436 ರೂಪಾಯಿಗೆ 2 ಲಕ್ಷ ಕೊಡುವ ಜೀವನ ಜ್ಯೋತಿ, ಯಶಸ್ವಿನಿ ಮೂರೂ ಚಾಲ್ತಿಯಲ್ಲಿರಲಿ. ಸುರಕ್ಷಾ ಬಿಮಾ ಗಂಡ ಹೆಂಡತಿ ಇಬ್ಬರಿಗೂ ಬೇಕು. ಹಾಲು ಕರೆದು ಡೇರಿಗೆ ಹಾಕುವವಳ ದುಡಿಮೆಯೂ ದುಡಿಮೆಯೇ, ಅವಳ ಹೆಸರಿನಲ್ಲಿ ವಿಮೆ ಇಲ್ಲದಿರುವುದು ನಾವು ಮತ್ತೆ ಮತ್ತೆ ಕಾಣುವ ಕೊರತೆ.

ಬಾಂಡ್ ಕೈಗೆ ಬಂದ ಮೇಲೆ

ಮೊದಲ ಪುಟದ ಪಟ್ಟಿಯಲ್ಲಿ ಪ್ರತಿ ರೈಡರಿನ ಹೆಸರು, ಮೊತ್ತ, ಪ್ರೀಮಿಯಂ, ಮುಗಿಯುವ ದಿನ ಮತ್ತು ಯುಐಎನ್ ಸಂಖ್ಯೆ (ಆ ರೈಡರಿನ ಗುರುತಿನ ಸಂಖ್ಯೆ) ಇರಬೇಕು. ಎಲ್‌ಐಸಿಯದಾದರೆ ಆ ಸಂಖ್ಯೆ 512ರಿಂದ ಶುರುವಾಗುತ್ತದೆ. ಏಜೆಂಟರು ಬಾಯಲ್ಲಿ ಹೇಳಿದ ರೈಡರ್ ಈ ಪುಟದಲ್ಲಿಲ್ಲದಿದ್ದರೆ ಅದು ಇಲ್ಲವೆಂದೇ ಲೆಕ್ಕ. ಬಾಂಡ್ ಸಿಕ್ಕ 30 ದಿನದೊಳಗೆ ಒಪ್ಪಿಗೆಯಾಗದಿದ್ದರೆ ವಾಪಸ್ ಕೊಡಬಹುದು. ಅಷ್ಟು ದಿನದ ರಕ್ಷೆಯ ವೆಚ್ಚ, ವೈದ್ಯಕೀಯ ಪರೀಕ್ಷೆ, ಸ್ಟಾಂಪ್ ಖರ್ಚು ಕಳೆದು ಉಳಿದ ದುಡ್ಡು ಹಿಂದಕ್ಕೆ ಬರುತ್ತದೆ. ಬಾಂಡ್ ಬಂದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದಿಟ್ಟುಕೊಳ್ಳಿ.

ನಾಮಿನಿಗೆ ರೈಡರ್ ಇದೆ ಎಂದೇ ಗೊತ್ತಿಲ್ಲದಿದ್ದರೆ ಮೂಲ ಮೊತ್ತ ಪಡೆದು ಸುಮ್ಮನಾಗುತ್ತಾರೆ. ಬಾಂಡಿನ ಕವರಿನ ಮೇಲೆ ದಪ್ಪ ಅಕ್ಷರದಲ್ಲಿ 'ಅಪಘಾತವಾದರೆ ಬೇರೆ ದುಡ್ಡಿದೆ: ಎಫ್‌ಐಆರ್, ಪೋಸ್ಟ್‌ಮಾರ್ಟಂ ಬಿಡಬೇಡಿ' ಎಂದು ಬರೆಯಿರಿ.

ಕ್ಲೇಮ್ ತಿರಸ್ಕೃತವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರಹದಲ್ಲಿ ಕೊಡಿ, ಯಾವ ಷರತ್ತಿನ ಯಾವ ಸಾಲಿನಿಂದ ತಿರಸ್ಕರಿಸಿದ್ದೀರಿ ಎಂದು ಕೇಳಿ. ತಿಂಗಳೊಳಗೆ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮೈಸೂರು ಮತ್ತು ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗಗಳ ಬಾಗಿಲೂ ತೆರೆದೇ ಇದೆ, ಆದರೆ ಒಂದೇ ವಿಷಯಕ್ಕೆ ಎರಡೂ ಕಡೆ ಒಟ್ಟಿಗೆ ಹೋಗುವಂತಿಲ್ಲ. ದೂರಿನ ಜೊತೆ ಬಾಂಡಿನ ರೈಡರ್ ಪುಟ, ತಿರಸ್ಕಾರದ ಪತ್ರ, ಎಫ್‌ಐಆರ್ ಅಥವಾ ಆಸ್ಪತ್ರೆಯ ಮೊದಲ ದಿನದ ದಾಖಲೆ ಇವುಗಳ ಪ್ರತಿ ಇಡಿ. ಮೂಲ ಪ್ರತಿಗಳನ್ನು ಯಾರ ಕೈಗೂ ಕೊಡಬೇಡಿ.